ನಮ್ಮ ಪರಸ್ಯಾಗ ನ್ಯೂಟ್ರಲ್ ಕನ್ನಡ ಬರಂಗಿಲ್ಲ

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಊಟ ಮಾಡ್ತಾ ಒಬ್ಬ ಗೆಳೆಯನಿಗೆ ನನ್ನ ಫೋನಿನಲ್ಲಿದ್ದ ಒಂದು ವಿಡಿಯೋ ತೋರಿಸಿದೆ. ನಾಲ್ಕು ನಿಮಿಷದ್ದು. ಬೂದು ಬಣ್ಣದ ಒಂದು ಹಳೇ ಕಾಲುಚೀಲ, ಅದಕ್ಕೆ ಕಣ್ಣಿನ ಬದಲು ಅಂಗಿಯ ಎರಡು ಬಿಳಿ ಗುಂಡಿ, ಒಳಗಡೆ ನನ್ನ ಬಲಗೈ. ಈ ಕಾಲುಚೀಲದ ಹೆಸರು ಪರಸ್ಯಾ. ಪಕ್ಕದಲ್ಲಿ ಹಳದಿ ಕಾಲುಚೀಲ, ಎಡಗೈ, ಹೆಸರು ತೊಗರಿ. ಪರಸ್ಯಾ ಹೇಳ್ತಾನೆ:

"ತೊಗರಿ, ನೀ ಈಗ ಕುಂತೀದಿ ನೋಡು, ಈ ಪರಸಿ ಒಂದ್ ಕಾಲಕ್ಕ ಸಮುದ್ರದ ತಳದಾಗ ಇತ್ತು."

"ಖರೇನ? ನಮ್ಮ ಭಂಕೂರದಾಗ ಸಮುದ್ರ?"

"ಭಂಕೂರ ಇನ್ನ ಹುಟ್ಟೇ ಇರ್ಲಿಲ್ಲ. ಮನಷ್ಯಾ ಸೈತ ಹುಟ್ಟಿರ್ಲಿಲ್ಲ. ನೀರಾಗಿನ ಸುಣ್ಣ ತಳಕ್ಕ ಕುಂತು ಕುಂತು, ಪದರಿನ ಮ್ಯಾಲ ಪದರ ಕಟ್ಟಿ ಕಲ್ಲಾತು. ಅದಕ್ಕೇ ಖಣಿಯಾಗ ಇದನ್ನ ಹಪ್ಪಳದಂಗ ಪದರು ಪದರು ಎಬ್ಬಸ್ತಾರ."

ಇಲ್ಲಿಗೆ ಬಂದಾಗ ಗೆಳೆಯ ಜೋರಾಗಿ ನಕ್ಕ. ನಾನು ವಿಡಿಯೋ ಹಿಂದಕ್ಕೆ ಎಳೆದು ಇನ್ನೊಂದ್ಸಲ ನೋಡಿದೆ. ಅಲ್ಲಿ ಜೋಕ್ ಇರಲಿಲ್ಲ. ಸುಣ್ಣದಕಲ್ಲು ಹೇಗೆ ಆಗುತ್ತೆ ಅನ್ನೋದು ಅಷ್ಟೇ ಇತ್ತು.

ಆಮೇಲೆ ಅವನು ತಟ್ಟೆ ಸರಿಸಿ ಹೇಳಿದ, "ಐಡಿಯಾ ಸೂಪರ್ ಗುರು. ಆದ್ರೆ ಭಾಷೆ ಸ್ವಲ್ಪ ನ್ಯೂಟ್ರಲ್ ಮಾಡು. ಎಲ್ಲಾ ಕಡೆ ಮಕ್ಕಳು ನೋಡ್ತಾರೆ. ಹಿಂಗಾದ್ರೆ ಕಾಮಿಡಿ ಥರ ಆಗುತ್ತೆ."

ಅವನು ಒಳ್ಳೆಯವನು. ನನ್ನ ಬಗ್ಗೆ ಕಾಳಜಿಯಿಂದಲೇ ಹೇಳಿದ. ಅದಕ್ಕೇ ಅವತ್ತು ಏನೂ ಅನ್ನದೆ ಮಜ್ಜಿಗೆ ಕುಡಿದು ಎದ್ದೆ. ಆದರೆ ಕಾಳಜಿಯಿಂದ ಹೇಳಿದ ಮಾತಿಗೂ ಒಂದಲ್ಲ ಒಂದಿನ ಉತ್ತರ ಕೊಡಬೇಕಾಗುತ್ತೆ. ಇದು ಅದು.

ನಮ್ಮೂರು ಭಂಕೂರ. ಕಲಬುರಗಿ ಜಿಲ್ಲೆ, ಶಹಾಬಾದದ ಮಗ್ಗುಲಲ್ಲಿ. ಹೆಸರು ಕೇಳಿಲ್ಲ ಅಂದ್ರೆ ಬೇಜಾರಿಲ್ಲ, ಯಾಕಂದ್ರೆ ನೀವು ನಮ್ಮ ಸೀಮೆಯ ಮೇಲೆ ಕಾಲಿಟ್ಟೇ ಇರ್ತೀರಿ. ನಿಮ್ಮ ಅಜ್ಜಿ ಮನೆಯ ನೆಲ, ಹಳೇ ಶಾಲೆಯ ವರಾಂಡ, ಯಾವುದೋ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ, ಎಲ್ಲೋ ಒಂದು ಕಡೆ ಶಹಾಬಾದ ಕಲ್ಲು ತುಳಿದಿರ್ತೀರಿ. ನಾವು ಅದನ್ನ ಪರಸಿ ಅಂತೀವಿ. ಪರಸ್ಯಾನ ಹೆಸರೂ ಬಣ್ಣವೂ ಅಲ್ಲಿಂದ ಬಂದದ್ದು. ವಾಡಿ ಅಂದ್ರೆ ಸಿಮೆಂಟು. ಚಿತ್ತಾಪುರ, ಸೇಡಂ, ಚಿಂಚೋಳಿ ಅಂದ್ರೆ ತೊಗರಿ. ನಿಮ್ಮ ಅಪಾರ್ಟ್‌ಮೆಂಟಿಗೆ ಸಿಮೆಂಟು ಕೊಟ್ವಿ, ನೆಲಕ್ಕೆ ಕಲ್ಲು ಕೊಟ್ವಿ, ಸಾರಿಗೆ ಬೇಳೆ ಕೊಟ್ವಿ. ಎಲ್ಲಾ ತಗೊಂಡ್ರಿ. ಬೇಡ ಅಂದಿದ್ದು ಒಂದೇ, ನಮ್ಮ ಮಾತು.

2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಿತು. ಇಂಥ ಮಣ್ಣಲ್ಲಿ ಬೆಳೆದಿದ್ದಕ್ಕೇ ಇದಕ್ಕೆ ಈ ರುಚಿ, ಬೇರೆ ಕಡೆಯ ಬೇಳೆ ಈ ಹೆಸರು ಹಾಕ್ಕೊಳ್ಳೋ ಹಾಗಿಲ್ಲ ಅಂತ ಅದರ ಅರ್ಥ. ಬೇಳೆಗೆ ಊರಿನ ಗುರುತು ಇದ್ರೆ ಗೌರವ. ಮಾತಿಗೆ ಊರಿನ ಗುರುತು ಇದ್ರೆ ಮಾತ್ರ ತೊಳೆದು ನ್ಯೂಟ್ರಲ್ ಮಾಡ್ಬೇಕು! ಅದೇ ವರ್ಷ ಸರ್ಕಾರ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ತೆಗೆದು ಕಲ್ಯಾಣ ಕರ್ನಾಟಕ ಅಂತ ಇಟ್ಟಿತು. ಬೋರ್ಡು ಬದಲಾದವು. ನಾವು ಬಾಯಿ ತೆರೆದಾಗ ಎದುರಿಗಿರೋರ ಮುಖದಲ್ಲಿ ಬರೋ ಆ ಸಣ್ಣ ನಗು ಬದಲಾಗಲಿಲ್ಲ.

ಈ ನಗುವಿಗೆ ನಾನು ಒಗ್ಗಿಕೊಂಡಿದ್ದೆ. ಬೆಂಗಳೂರಿಗೆ ಬಂದ ಆರು ತಿಂಗಳಲ್ಲಿ "ಹೊಂಟೀನಿ" ಬಿಟ್ಟು "ಹೋಗ್ತಿದೀನಿ" ಕಲಿತೆ. ಈ ಬರಹಾನೇ ನೋಡಿ, ಯಾವ ಕನ್ನಡದಲ್ಲಿದೆ? ನಿಮ್ಮದರಲ್ಲಿ. ನನ್ನ ಮಟ್ಟಿಗೆ ಇದು ಮುಗಿದ ವಿಷಯ ಅಂದ್ಕೊಂಡಿದ್ದೆ.

ಮುಗಿದಿಲ್ಲ ಅಂತ ಗೊತ್ತಾಗಿದ್ದು ಕಳೆದ ಉಗಾದಿಗೆ ಊರಿಗೆ ಹೋದಾಗ. ಅಕ್ಕನ ಮಗಳಿಗೆ ಆರು ವರ್ಷ. ಚಪ್ಪಲಿ ಹಾಕ್ಕೊಂಡು ಓಣಿಗೆ ಹೊರಟಿದ್ದಳು. ಅವ್ವ ಅಡುಗೆಮನೆಯಿಂದ ಕೂಗಿದಳು, "ಎಲ್ಲಿಗಿ ಹೊಂಟಿ? ಮೊದಲ್ ಉಣ್ಣು ಬಾ."

ಹುಡುಗಿ ತಿರುಗಿ ನಿಂತು, ಟೀಚರು ಮಾತಾಡೋ ಥರ ಬೆರಳು ಎತ್ತಿ ಹೇಳಿದಳು, "ಆಯಿ, ಹಂಗ ಅನಬಾರ್ದು. ಎಲ್ಲಿಗೆ ಹೋಗ್ತಿದ್ದೀಯ ಅನಬೇಕು. ಹಂಗಂದ್ರ ಮಂದಿ ನಗ್ತಾರ."

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಆದರೆ ಅವತ್ತು ಸಂಜೆಯವರೆಗೆ ಮೊಮ್ಮಗಳ ಎದುರು ಅವ್ವ ಮಾತು ಕಮ್ಮಿ ಮಾಡಿದ್ದು ನಾನು ನೋಡಿದೆ. ಕೈಸನ್ನೆ ಮಾಡಿ ಕರೆದಳು. ತಟ್ಟೆ ಇಟ್ಟು ಸುಮ್ಮನೆ ಕೂತಳು. ಅರವತ್ತೈದು ವರ್ಷ ಮಾತಾಡಿದ ಬಾಯಿ ಆರು ವರ್ಷದ ಮಗುವಿನ ಮುಂದೆ ಹೆದರಿತ್ತು.

ಆ ಮಗುವಿನದು ತಪ್ಪಲ್ಲ. ಅದು ನೋಡೋ ಸೀರಿಯಲ್ಲಿನಲ್ಲಿ, ಕಾಮಿಡಿ ಶೋನಲ್ಲಿ, ಸಿನಿಮಾದಲ್ಲಿ ನಮ್ಮ ಮಾತು ಬರೋದು ಯಾವಾಗ? ಅಡುಗೆಯವನು ಬಂದಾಗ, ವಾಚ್‌ಮನ್ ಬಂದಾಗ, ಹಾಸ್ಯನಟ ಬಿದ್ದಾಗ. ಒಳ್ಳೆಯ ಅಪವಾದಗಳು ಇವೆ, ಇಲ್ಲ ಅನ್ನಲ್ಲ. ಆದರೆ ಆರು ವರ್ಷದ ಮಗು ಅಪವಾದಗಳನ್ನ ಹುಡುಕಿಕೊಂಡು ಹೋಗಲ್ಲ, ಟಿವಿಯಲ್ಲಿ ಬಂದಿದ್ದನ್ನ ನೋಡುತ್ತೆ. ಅಲ್ಲಿ ಡಾಕ್ಟರು ಒಂದು ಕನ್ನಡ ಮಾತಾಡ್ತಾನೆ, ಪೆದ್ದ ಇನ್ನೊಂದು ಕನ್ನಡ ಮಾತಾಡ್ತಾನೆ. ತನ್ನ ಆಯಿ ಮಾತಾಡೋದು ಎರಡನೆಯದು ಅಂತ ಮಗು ತಾನಾಗೇ ಲೆಕ್ಕ ಹಾಕುತ್ತೆ.

ಬೆಂಗಳೂರಿಗೆ ವಾಪಸ್ ಬಂದ ರಾತ್ರಿ ಒಂದು ಕಾಲುಚೀಲ ಹಾಳು ಮಾಡಿದೆ.

ಈಗ ಗೆಳೆಯನ ಮಾತಿಗೆ ಬರೋಣ. ಮೊದಲನೇದು, "ನ್ಯೂಟ್ರಲ್".

ಅವನ ಮಾತನ್ನೇ ಬಿಡಿಸಿ ನೋಡಿ: ಐಡಿಯಾ, ಸೂಪರ್, ನ್ಯೂಟ್ರಲ್, ಕಾಮಿಡಿ. ನಾಲ್ಕು ಪುಟ್ಟ ವಾಕ್ಯದಲ್ಲಿ ನಾಲ್ಕು ಇಂಗ್ಲಿಷ್ ಪದ. ಅದು ಯಾರಿಗೂ ಕಲಬೆರಕೆ ಅನ್ನಿಸಲ್ಲ. ನಮ್ಮ ಅವ್ವ "ಜಲ್ದಿ ದವಾಖಾನಿಗಿ ನಡಿ" ಅಂದ್ರೆ ಮಾತ್ರ "ಏನ್ರೀ ಇದು, ಉರ್ದು ಮಿಕ್ಸ್" ಅಂತಾರೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮನ ರಾಜ್ಯದಲ್ಲಿದ್ವಿ. ಕಚೇರಿ, ಕೋರ್ಟು, ಶಾಲೆ ಎಲ್ಲಾ ಉರ್ದುವಿನಲ್ಲಿ. ಅದರ ನಡುವೆ ಮನೆಯಲ್ಲಿ, ಹೊಲದಲ್ಲಿ, ಖಣಿಯಲ್ಲಿ ಕನ್ನಡ ಉಳಿಸಿಕೊಂಡವರು ಇದೇ "ಮಿಕ್ಸ್" ಮಾತಿನ ಮಂದಿ. ಕನ್ನಡ ಕಲಿತರೆ ಕೆಲಸ ಸಿಗದ ಕಾಲದಲ್ಲಿ ಕನ್ನಡ ಬಿಡದವರಿಗೆ ಈಗ ಶುದ್ಧಿಯ ಪಾಠ ಹೇಳ್ತೀವಿ.

ಇನ್ನೊಂದು ತಮಾಷೆ ಇದೆ. ಸೇಡಂ ತಾಲೂಕಿನ ಮಳಖೇಡದ ಕೋಟೆ ಪಕ್ಕ ಹರಿಯೋ ಕಾಗಿಣಾ ನದಿ ನಮ್ಮ ಶಹಾಬಾದ ಕಡೆಗೇ ಬಂದು ಭೀಮೆಯನ್ನ ಸೇರುತ್ತೆ. ಆ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನಮಗೆ ಸಿಕ್ಕಿರೋ ಕನ್ನಡದ ಮೊಟ್ಟಮೊದಲ ಗ್ರಂಥ ಕವಿರಾಜಮಾರ್ಗ 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಬಂತು, ಬರೆದವನು ಶ್ರೀವಿಜಯ ಅಂತಾರೆ. ಅದು ತಿರುಳ್ಗನ್ನಡದ ನಾಡು ಅಂತ ಹೆಸರಿಸಿದ್ದು ಯಾವುದನ್ನ? ಮಳಖೇಡವನ್ನಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದದ ನಡುವಿನ ಸೀಮೆಯನ್ನ. ಅಂದ್ರೆ ಸಾವಿರ ವರ್ಷಕ್ಕೂ ಹಿಂದೆ, ರಾಜಧಾನಿ ನಮ್ಮ ಕಡೆಗೇ ಇದ್ದಾಗಲೂ, ಒಳ್ಳೆ ಕನ್ನಡ ಬೇರೆ ಕಡೆಯದೇ!

ಆದರೆ ಅದೇ ಪುಸ್ತಕ ಇನ್ನೊಂದು ಮಾತನ್ನೂ ಹೇಳಿದೆ. ಕನ್ನಡ ಒಂದಲ್ಲ, ಹಲವು. ಒಂದೊಂದು ಸೀಮೆಯ ದೇಸಿಯೂ ಬೇರೆ ಬೇರೆ. ಅವುಗಳಲ್ಲಿ ಇದು ತಪ್ಪು, ಇದು ಸರಿ ಅಂತ ಎಣಿಸ್ತಾ ಕೂತರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು ಅಂತ. ವಾಸುಕಿ ಕೈಬಿಟ್ಟ ಕೆಲಸವನ್ನ ನಮ್ಮ ಕ್ಯಾಂಟೀನು ಊಟದ ಹೊತ್ತಿನಲ್ಲಿ ಮುಗಿಸಿಬಿಡುತ್ತೆ.

ನ್ಯೂಟ್ರಲ್ ಕನ್ನಡ ಅಂತ ಒಂದು ಇಲ್ಲ ಸ್ವಾಮಿ. ಇರೋದು ಯಾರದೋ ಮನೆಯ ಕನ್ನಡ, ಅವರ ಮನೆ ರಾಜಧಾನಿಗೆ ಹತ್ತಿರ ಇದೆ ಅಷ್ಟೇ.

ಎರಡನೇದು, "ಕಾಮಿಡಿ ಥರ ಆಗುತ್ತೆ". ಈ ಮಾತು ನನಗೆ ನಿಜವಾಗಿ ಚುಚ್ಚಿತು. ಯಾಕಂದ್ರೆ ಅದರಲ್ಲಿ ಅರ್ಧ ಸತ್ಯ ಇದೆ.

ನಮ್ಮ ತೊಗಲುಗೊಂಬೆಯಾಟವನ್ನೇ ನೋಡಿ. ರಾಮ, ರಾವಣ, ದುರ್ಯೋಧನ ಮಾತಾಡೋದು ಗ್ರಂಥದ ಭಾಷೆ. ನಡುವೆ ಕಿಳ್ಳೇಕ್ಯಾತ ಬರ್ತಾನೆ, ಜತೆಗೆ ಅವನ ಹೆಂಡತಿ ಬಂಗಾರಕ್ಕ. ಅವರಿಬ್ಬರು ಮಾತಾಡೋದು ಆಟ ನಡೀತಿರೋ ಊರಿನ ಭಾಷೆ. ಜನ ನಗ್ತಾರೆ. ಅಂದ್ರೆ ಗೊಂಬೆಯ ಬಾಯಿಗೆ ಊರ ಮಾತು ಕೊಟ್ಟು ನಗಿಸೋದು ಹಳೇ ಪದ್ಧತಿ. ಹಾಗಾದ್ರೆ ನಾನು ಮಾಡ್ತಿರೋದೂ ಅದೇ ತಾನೆ? ಟಿವಿಯವರು ನಟನನ್ನ ಬಳಸಿ ಮಾಡಿದ್ದನ್ನ ನಾನು ಕಾಲುಚೀಲ ಬಳಸಿ ಮಾಡ್ತಿದೀನಿ?

ಒಪ್ಕೋತೀನಿ, ಮೊದಲ ನಾಲ್ಕು ವಾರ ಅದನ್ನೇ ಮಾಡಿದೆ. ಪರಸ್ಯಾ ಮಿರ್ಚಿ ಭಜಿ ತಿಂದು ಹಾರಾಡಿದ. ಮೇಷ್ಟ್ರಿಗೆ ಹೆದರಿ ಮಂಚದ ಕೆಳಗೆ ಸೇರಿದ. ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನಗುವ ಮುಖಗಳ ಮಳೆ. ನಾನೂ ಹಿಗ್ಗಿದೆ. ನಾಲ್ಕನೇ ವಾರ ಅಕ್ಕನ ಮಗಳು ಫೋನಿನಲ್ಲಿ ಕೇಳಿದಳು, "ಮಾಮಾ, ಪರಸ್ಯಾ ಶ್ಯಾಣ್ಯಾ ಇಲ್ಲೇನು?"

ಪರಸ್ಯಾ ಜಾಣ ಅಲ್ವಾ ಅಂತ. ನಾನು ತಡವರಿಸಿದೆ. ಯಾವುದನ್ನ ತಿದ್ದಬೇಕು ಅಂತ ಹೊರಟಿದ್ದೆನೋ ಅದಕ್ಕೇ ಗೊಬ್ಬರ ಹಾಕ್ತಿದ್ದೆ. ನಮ್ಮ ಮಾತಿನ ಗೊಂಬೆ ಸಿಕ್ಕಿತ್ತು, ಆದರೆ ಅದೂ ಪೆದ್ದನೇ.

ಐದನೇ ವಾರದಿಂದ ನಿಯಮ ಬದಲಾಯ್ತು. ಪರಸ್ಯಾ ಬೀಳಬಹುದು, ಹೆದರಬಹುದು, ಭಜಿ ಕದಿಯಬಹುದು. ಆದರೆ ಪ್ರತಿ ವಾರ ಅವನು ಒಂದು ವಿಷಯ ತಿಳ್ಕೊಂಡಿರಬೇಕು, ಅದನ್ನ ನಮ್ಮ ಮಾತಿನಲ್ಲೇ ತೊಗರಿಗೆ ಅರ್ಥ ಮಾಡಿಸಬೇಕು. ಪರಸಿ ಸಮುದ್ರದಿಂದ ಬಂದ ವಿಡಿಯೋ ಹಾಗೆ ಹುಟ್ಟಿತು. ಆಮೇಲೆ ಬೇಳೆ ಬೆಂದಾಗ ಕುಕ್ಕರ್ ಯಾಕೆ ಸೀಟಿ ಹೊಡೆಯುತ್ತೆ, ವಾಡಿ ಸ್ಟೇಷನ್ನಿನಲ್ಲಿ ಒಂದೇ ಸೂಚನೆಯನ್ನ ಮೂರು ಮೂರು ಭಾಷೆಯಲ್ಲಿ ಯಾಕೆ ಕೂಗ್ತಾರೆ, ಆಯಿಯ ಮೊಣಕಾಲು ಮಳೆಗಾಲದಲ್ಲಿ ಯಾಕೆ ನೋಯುತ್ತೆ. ಒಂದು ವಾರ ತೊಗರಿಯ ಅಜ್ಜ ತೀರಿಕೊಂಡ. ಅವತ್ತು ಪರಸ್ಯಾ ಏನೂ ವಿವರಿಸಲಿಲ್ಲ. "ನಾ ಇಲ್ಲೇ ಕುಂದರ್ತೀನಿ, ನಿನಗ ಅನಸ್ದಾಗ ಮಾತಾಡು" ಅಂದ, ಅಷ್ಟೇ.

ನನ್ನ ತಕರಾರು ಇಷ್ಟೇ ಸ್ವಾಮಿ. ನಮ್ಮ ಮಾತಿಗೆ ನಗಿಸೋ ಲೈಸೆನ್ಸ್ ಎಲ್ಲರೂ ಕೊಟ್ಟಿದ್ದಾರೆ. ವಿವರಿಸೋಕೆ, ಸಮಾಧಾನ ಮಾಡೋಕೆ, ಪ್ರಶ್ನೆ ಕೇಳೋಕೆ, ಬೇಡ ಅನ್ನೋಕೆ ಕೊಟ್ಟಿಲ್ಲ. ಅದನ್ನ ಕೊಡೋರನ್ನ ಕಾಯ್ತಾ ಕೂರೋ ಬದಲು ನಾವೇ ತಗೋಬೇಕು. ನಗಿಸೋದು ಬಿಡಬೇಕಿಲ್ಲ. ಕಿಳ್ಳೇಕ್ಯಾತ ನಗಿಸ್ತಾನೆ ನಿಜ, ಆದರೆ ಊರಿನ ಗೌಡನ ಹುಳುಕನ್ನ ಗೌಡನ ಎದುರೇ ಆಡಿ ತೋರಿಸೋ ಧೈರ್ಯ ಆ ಇಡೀ ಪರದೆಯಲ್ಲಿ ಇರೋದೂ ಅಂಥವನಿಗೇ.

ಮೂರನೇದು ನನ್ನ ನಿಮ್ಮ ವಯಸ್ಸಿನವರ ಸ್ವಂತ ರೋಗ. "ಮೊದಲು ಸರಿಯಾಗಿ ಪ್ಲಾನ್ ಮಾಡು." ಒಳ್ಳೆ ಮೈಕು ತಗೋ. ರಿಂಗ್ ಲೈಟ್ ತಗೋ. ಲೋಗೋ ಮಾಡಿಸು. ಹತ್ತು ಎಪಿಸೋಡ್ ಶೂಟ್ ಮಾಡಿಟ್ಟು ಸೀಸನ್ ಒನ್ ಅಂತ ಲಾಂಚ್ ಮಾಡು. ಇಲ್ಲಾ, ಎಐಗೆ ಹೇಳು, ಎರಡು ನಿಮಿಷದಲ್ಲಿ ಕಾರ್ಟೂನೇ ಮಾಡ್ಕೊಡುತ್ತೆ.

ಇದನ್ನೆಲ್ಲ ಹೇಳಿದವರಲ್ಲಿ ಒಬ್ಬರಾದರೂ ಏನಾದ್ರೂ ಶುರು ಮಾಡಿದ್ದನ್ನ ನಾನು ನೋಡಿಲ್ಲ. ಪ್ಲಾನ್ ಮಾಡೋದು ನಮಗೆ ಕೆಲಸ ಮಾಡಿದಷ್ಟೇ ಸಮಾಧಾನ ಕೊಡುತ್ತೆ, ಅದೇ ತೊಂದರೆ.

ಜಿಮ್ ಹೆನ್ಸನ್ ಅನ್ನೋ ಹುಡುಗ 1955ರಲ್ಲಿ ವಾಷಿಂಗ್ಟನ್ನಿನ ಒಂದು ಸ್ಥಳೀಯ ಟಿವಿಯಲ್ಲಿ ಗೊಂಬೆ ಕಾರ್ಯಕ್ರಮ ಶುರು ಮಾಡಿದಾಗ ಅವನಿಗೆ ಹದಿನೆಂಟು ವರ್ಷ. 'ಸ್ಯಾಮ್ ಅಂಡ್ ಫ್ರೆಂಡ್ಸ್' ಅಂತ ಹೆಸರು, ಒಂದು ಕಂತು 5 ನಿಮಿಷದ್ದು. ಅದಕ್ಕೆ ಅವನು ಅಮ್ಮ ಬಿಸಾಕಿದ್ದ ಹಳೇ ಕೋಟನ್ನ ಕತ್ತರಿಸಿ, ಒಂದು ಪಿಂಗ್‌ಪಾಂಗ್ ಚೆಂಡನ್ನ ಎರಡು ಹೋಳು ಮಾಡಿ ಕಣ್ಣು ಹಚ್ಚಿ ಮಾಡಿದ ಗೊಂಬೆ ಕರ್ಮಿಟ್. ಇವತ್ತು ಜಗತ್ತೇ ಗುರುತು ಹಿಡಿಯೋ ಕಪ್ಪೆ ಅದು. ಕಾರ್ಯಕ್ರಮ 1961ರವರೆಗೆ ನಡೆಯಿತು. ಗೊಂಬೆಯಾಟಕ್ಕೆ ಪ್ರತ್ಯೇಕ ರಂಗ ಬೇಕಿಲ್ಲ, ಟಿವಿಯ ಚೌಕಟ್ಟೇ ರಂಗ ಅಂತ ಕಂಡುಕೊಂಡವನು ಅವನು. ನಮ್ಮ ಜೇಬಿನಲ್ಲಿರೋ ಫೋನಿನ ಪರದೆ ಅದೇ ಚೌಕಟ್ಟು ಅಲ್ವಾ? 1969ರಲ್ಲಿ 'ಸೆಸಮಿ ಸ್ಟ್ರೀಟ್' ಬಂದಾಗ ಅವನ ಗೊಂಬೆಗಳು ಹೋಗಿ ನಿಂತಿದ್ದು ಅರಮನೆಯಲ್ಲಲ್ಲ, ನಗರದ ಒಂದು ಸಾಧಾರಣ ಬೀದಿಯಲ್ಲಿ.

ನಾನು ಹೆನ್ಸನ್ ಅಲ್ಲ. ಆದರೆ ಹಳೇ ಬಟ್ಟೆ ನಮ್ಮ ಮನೆಯಲ್ಲೂ ಇದೆ.

ಖರ್ಚಿನ ಲೆಕ್ಕ ಕೊಡ್ತೀನಿ. ಕಾಲುಚೀಲ ಮನೆಯದು. ಬಾಯಿಗೆ ಸ್ವೀಟ್ ಡಬ್ಬಿಯ ರಟ್ಟು ಮಡಚಿ ಅಂಟಿಸಿದ್ದು. ಫೋನಿಗೆ ಸ್ಟ್ಯಾಂಡ್ ಇಲ್ಲ, ಹಿಟ್ಟಿನ ಡಬ್ಬಿಗೆ ಆನಿಸಿ ಇಡ್ತೀನಿ. ದನಿ ಗುಂಯ್ ಅನ್ನಬಾರದು ಅಂತ ಊರಿಂದ ತಂದ ಕೌದಿಯನ್ನ ಹಿಂದೆ ತೂಗು ಹಾಕ್ತೀನಿ. ನನಗಿರೋದು ಎರಡು ಕೈ, ಅದಕ್ಕೇ ಪಾತ್ರಗಳೂ ಎರಡೇ. ಕಲಿಯಬೇಕಾದ ಕಸುಬು ಸ್ವಲ್ಪ ಇದೆ. ಮಾತಾಡಿಸುವಾಗ ನಾಲ್ಕು ಬೆರಳನ್ನ ಮೇಲೆತ್ತಬಾರದು, ಹೆಬ್ಬೆರಳನ್ನ ಕೆಳಗಿಳಿಸಬೇಕು. ಇಲ್ಲಾಂದ್ರೆ ಗೊಂಬೆ ಪ್ರತಿ ಅಕ್ಷರಕ್ಕೂ ಆಕಾಶ ನೋಡುತ್ತೆ. ಕಣ್ಣುಗಳನ್ನ ತುಂಬ ದೂರ ಹೊಲಿದರೆ ಗೊಂಬೆ ಯಾರನ್ನೂ ನೋಡ್ತಿಲ್ಲ ಅನ್ನಿಸುತ್ತೆ, ಹತ್ತಿರ ತಂದರೆ ನಮ್ಮನ್ನೇ ನೋಡುತ್ತೆ. ಬುಧವಾರ ಬಸ್ಸಿನಲ್ಲಿ ಒಂದು ಪುಟ ಬರೀತೀನಿ. ಶುಕ್ರವಾರ ರಾತ್ರಿ ಪಕ್ಕದ ಮನೆಯ ಟಿವಿ ಆಫ್ ಆದಮೇಲೆ ರೆಕಾರ್ಡ್. ಶನಿವಾರ ಬೆಳಿಗ್ಗೆ ಕತ್ತರಿಸಿ ಜೋಡಿಸೋದು. ಸಂಜೆ ಆರಕ್ಕೆ ಹಾಕೋದು.

ಮೈಕು, ಲೈಟು ಇಲ್ಲದೆ ನಡೆಯುತ್ತೆ. ಆ "ಸಂಜೆ ಆರಕ್ಕೆ" ಇಲ್ಲದೆ ನಡೆಯಲ್ಲ. ಅದನ್ನ ನಾನು ಕಲಿತಿದ್ದು ತಪ್ಪು ಮಾಡಿ.

ಒಂಬತ್ತನೇ ವಾರ ಆಫೀಸಿನಲ್ಲಿ ರಿಲೀಸ್ ಇತ್ತು. ಶುಕ್ರವಾರ ರಾತ್ರಿ ಎರಡಕ್ಕೆ ಮನೆಗೆ ಬಂದೆ. ಒಂದು ವಾರ ಬಿಟ್ಟರೆ ಏನಾಗುತ್ತೆ, ಏನು ಲಕ್ಷ ಜನ ಕಾಯ್ತಿದ್ದಾರಾ ಅಂತ ಮಲಗಿದೆ. ಲಕ್ಷ ಜನ ಕಾಯ್ತಿರಲಿಲ್ಲ. ಭಂಕೂರದಲ್ಲಿ ಆರು ಮಕ್ಕಳು ಕಾಯ್ತಿದ್ದರು. ಅಕ್ಕನ ಮಗಳು ಓಣಿಯ ಮಕ್ಕಳನ್ನ ಕರೆದು ಕಟ್ಟೆ ಮೇಲೆ ಕೂರಿಸಿ, ಅಕ್ಕನ ಫೋನ್ ಹಿಡಕೊಂಡು ಏಳೂವರೆಯವರೆಗೆ ಕೂತಿದ್ದಳಂತೆ. ಆಮೇಲೆ ಫೋನ್ ಬಂತು.

"ಮಾಮಾ, ಪರಸ್ಯಾಗ ಆರಾಮಿಲ್ಲೇನು?"

ಬೈದಿದ್ರೆ ತಡ್ಕೋತಿದ್ದೆ. ಅವಳು ಬೈಲಿಲ್ಲ. ಪರಸ್ಯಾಗೆ ಜ್ವರ ಬಂದಿರಬೇಕು ಅಂತ ಅವಳೇ ಒಂದು ಕಾರಣ ಹುಡುಕಿ ನನಗೆ ಕೊಟ್ಟಳು. ಅವನು ಮರೀತಾನೆ ಅನ್ನೋದು ಅವಳ ತಲೆಗೇ ಬಂದಿರಲಿಲ್ಲ.

ಅವತ್ತು ತಿಳೀತು. ನಾಲ್ಕು ನಿಮಿಷದ ವಿಡಿಯೋಗಿಂತ ಶನಿವಾರ ಬರ್ತಾನೆ ಅನ್ನೋ ನಂಬಿಕೆ ದೊಡ್ಡದು. ಒಂದು ಸಲ ಅದ್ಭುತವಾಗಿ ಮಾಡಿದ ವಿಡಿಯೋ ಮಗುವಿಗೆ ಬೆರಗು ಕೊಡುತ್ತೆ. ಪ್ರತಿ ವಾರ ಬರೋ ಸಾಧಾರಣ ವಿಡಿಯೋ ಒಬ್ಬ ಗೆಳೆಯನನ್ನ ಕೊಡುತ್ತೆ. ನವೆಂಬರ್ ಒಂದಕ್ಕೆ ನಾವು ಹಾಕೋ ಕೆಂಪು-ಹಳದಿ ಪೋಸ್ಟ್‌ಗೂ ಕನ್ನಡಕ್ಕೂ ಇರೋ ಸಂಬಂಧ ಎಂಥದ್ದು ಅಂತ ಇದರಿಂದ ನೀವೇ ಲೆಕ್ಕ ಹಾಕಿ. ವರ್ಷಕ್ಕೆ ಒಂದು ದಿನ ಬಂದು ಹೋಗೋನಿಗೆ ನೆಂಟ ಅಂತಾರೆ.

ನಾಲ್ಕನೇ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬಂತು. "ಗೊಂಬೆಯಾಟ ಅಂದ್ರೆ ತಪಸ್ಸು, ನೀವು ಕಾಲುಚೀಲ ಹಾಕ್ಕೊಂಡು ಆಡಿದ್ರೆ ಕಲೆಗೆ ಅವಮಾನ" ಅಂತ ಹಿರಿಯರೊಬ್ಬರು.

ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾಯ್ತು, ಆಗ ಅವರಿಗೆ 96 ವರ್ಷ. ಒಂದು ಜೀವಮಾನ ಪೂರ್ತಿ ತೊಗಲುಗೊಂಬೆಯನ್ನ ಪರದೆಗೆ ಹಿಡಿದು ರಾಮಾಯಣ, ಮಹಾಭಾರತ ಆಡಿಸಿದ ಕೈ ಅದು. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನ ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆ ಕುಣಿಸ್ತಾ ಬಂದಿದೆ. ಅವರ ಕಿರುಬೆರಳಿಗೂ ನಾನು ಸಮ ಅಲ್ಲ. ಪರಸ್ಯಾನನ್ನ ಜನಪದ ಕಲೆ ಅಂತ ನಾನು ಯಾವತ್ತೂ ಕರೆದಿಲ್ಲ, ಅವನು ಕಾಲುಚೀಲ. ಆದರೆ ಅವಮಾನದ ಮಾತು ಬಂತಲ್ಲ, ಅದಕ್ಕೆ ಕೇಳ್ತೀನಿ. ಇದನ್ನ ಹೇಳಿದವರು ಕೊನೇ ಸಲ ದುಡ್ಡು ಕೊಟ್ಟು ತೊಗಲುಗೊಂಬೆಯಾಟ ನೋಡಿದ್ದು ಯಾವಾಗ? ಮಕ್ಕಳನ್ನ ಕರ್ಕೊಂಡು ಹೋಗಿದ್ದು ಯಾವಾಗ? ಕಲೆಗೆ ಅವಮಾನ ಆಗೋದು ಆಡುವವರಿಂದಲ್ಲ, ಕಲೆ ಅಂತ ಕೈಮುಗಿದು ಆಮೇಲೆ ಆ ಕಡೆ ತಲೆಹಾಕದವರಿಂದ. ಕಾಲುಚೀಲದ ಗೊಂಬೆ ನೋಡಿ ಬೆಳೆದ ಮಗು ನಾಳೆ ತೊಗಲುಗೊಂಬೆಯ ಪರದೆ ಎದುರು ಕೂತಾಗ "ಬೋರ್" ಅನ್ನಲ್ಲ. ಒಳಗೆ ಕೈ ಎಲ್ಲಿದೆ ಅಂತ ಹುಡುಕುತ್ತೆ.

ಕೊನೇದು, ಮತ್ತು ನನಗೆ ಗೌರವ ಇರೋ ಆಕ್ಷೇಪ. "ಮೊದಲೇ ಮಕ್ಕಳು ಮೊಬೈಲ್ ಬಿಡಲ್ಲ, ನೀನು ಇನ್ನೊಂದು ವಿಡಿಯೋ ಕೊಡ್ತೀಯಾ?" ಇದು ಅಕ್ಕನದೇ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೇದು. ನಮ್ಮ ಹುಡುಗಿಗೆ ಆರು, ಆದರೂ ಅಕ್ಕನ ಮಾತು ಸರಿ. ಅದಕ್ಕೇ ಮೊದಲು ಎಂಟು ನಿಮಿಷ ಇದ್ದದ್ದನ್ನ ನಾಲ್ಕಕ್ಕೆ ಇಳಿಸಿದೆ. ವಾರಕ್ಕೆ ಒಂದೇ. ಮುಗಿದ ಮೇಲೆ ತಾನಾಗೇ ಇನ್ನೊಂದು ಶುರುವಾಗದ ಹಾಗೆ ಫೈಲ್ ಮಾಡಿ ಕಳಿಸ್ತೀನಿ. ಕೊನೆಯಲ್ಲಿ ಪರಸ್ಯಾ ಯಾವಾಗಲೂ ಒಂದೇ ಮಾತು ಹೇಳ್ತಾನೆ, "ಫೋನ್ ಕೆಳಗ ಇಡ್ರಿ, ಕೈಯಾಗ ಗೊಂಬಿ ಹಾಕ್ಕೋರಿ."

ಎಐಗೂ ನನ್ನ ಉತ್ತರ ಇಲ್ಲೇ ಇದೆ. ಕಂಪ್ಯೂಟರ್ ಮಾಡಿದ ಹೊಳಪಿನ ಕಾರ್ಟೂನ್ ನೋಡಿದ ಮಗು ಇನ್ನೊಂದು ತೋರ್ಸು ಅನ್ನುತ್ತೆ. ಸುಕ್ಕುಸುಕ್ಕು ಕಾಲುಚೀಲ ನೋಡಿದ ಮಗು "ಇದು ನಾನೂ ಮಾಡಬಲ್ಲೆ" ಅನ್ನುತ್ತೆ. ನನ್ನ ವಿಡಿಯೋ ಸಾಧಾರಣವಾಗಿರೋದು ಅದರ ದೋಷ ಅಲ್ಲ, ಅದೇ ಅದರ ಕೆಲಸ.

ಅವಳು ಮಾಡಿದಳು. ಹದಿಮೂರನೇ ವಾರ ಭಂಕೂರದಿಂದ ನನಗೇ ಒಂದು ವಿಡಿಯೋ ಬಂತು. ನಲವತ್ತು ಸೆಕೆಂಡು. ಅರ್ಧ ಹೊತ್ತು ಸೂರು ಕಾಣುತ್ತೆ, ಉಳಿದರ್ಧ ಅವಳ ಹೆಬ್ಬೆರಳು. ನಡುವೆ ಒಂದು ಗೊಂಬೆ, ಅವ್ವನ ಹಳೇ ಕುಪ್ಪಸದ ಬಟ್ಟೆಯದು, ತಲೆಗೆ ಸೆರಗು ಹೊದಿಸಿದ್ದು. ದನಿ ಅವಳದಲ್ಲ. ಹಿಂದಿನಿಂದ ಅವಳು ಪಿಸುಗುಡೋದು ಕೇಳುತ್ತೆ, "ಆಯಿ, ನೀನೇ ಮಾತಾಡು. ಈ ಗೊಂಬಿಗಿ ನಿನ್ನಂಗೇ ಮಾತು ಬರ್ತದ."

ಆಮೇಲೆ ಅವ್ವನ ದನಿ. ಮೊದಲು ಕೆಮ್ಮಿದಳು. ಆಮೇಲೆ ಹೇಳಿದಳು, "ಎಲ್ಲಿಗಿ ಹೊಂಟಿ ಪರಸ್ಯಾ? ಮೊದಲ್ ಉಣ್ಣು ಬಾ."

ಇದರಿಂದ ಎಲ್ಲಾ ಸರಿಹೋಯ್ತು ಅಂತ ನಾನು ಹೇಳಲ್ಲ. ಆ ಹುಡುಗಿ ಶಾಲೆಯಲ್ಲಿ ಈಗಲೂ "ಹೋಗ್ತಿದ್ದೀಯ" ಅಂತಾಳೆ. ಅನ್ನಲಿ, ಎರಡೂ ಬರಲಿ, ಇಂಗ್ಲಿಷೂ ಬರಲಿ. ಆದರೆ ಅವಳು ಆಯಿಯನ್ನ ತಿದ್ದೋದು ಬಿಟ್ಟಿದ್ದಾಳೆ. ಅವ್ವ ಮತ್ತೆ ಅಡುಗೆಮನೆಯಿಂದ ಜೋರಾಗಿ ಕೂಗ್ತಾಳೆ ಅಂತ ಅಕ್ಕ ಹೇಳಿದಳು. ನನಗೆ ಬೇಕಾಗಿದ್ದ ವ್ಯೂಸ್ ಅಷ್ಟೇ.

ಈಗ ನಿಮ್ಮ ಸರದಿ. ಇದನ್ನ ಓದ್ತಿರೋ ನಿಮ್ಮಲ್ಲಿ ಅರ್ಧ ಜನ ನನ್ನ ಹಾಗೇ ಒಂದು ಮಾತನ್ನ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬೆಂಗಳೂರು ಸೇರಿದವರು. ಕುಂದಾಪುರದ್ದೋ, ಚಾಮರಾಜನಗರದ್ದೋ, ಕಾಸರಗೋಡಿನದ್ದೋ, ಕೋಲಾರದ್ದೋ, ರಾಯಚೂರಿನದ್ದೋ. ನಿಮ್ಮ ಮನೆಯಲ್ಲೂ ಒಂದು ಮಗು ಅಜ್ಜಿಯನ್ನ ತಿದ್ದುತ್ತಿರಬಹುದು. ಮೀಟಿಂಗಿನಲ್ಲಿ ಹಾಕ್ಕೊಳ್ಳೋ ಅದೇ ಕಾಲುಚೀಲದ ಜೋಡಿಯಲ್ಲಿ ಒಂದು ತೂತಾದ ದಿನ ಬಿಸಾಕಬೇಡಿ. ಗುಂಡಿ ಹೊಲಿಯಿರಿ. ನಿಮ್ಮ ಊರಿನ ಮಾತು ಆಡಿಸಿ. ಕೆಟ್ಟದಾಗಿ ಆಡಿಸಿ ಪರವಾಗಿಲ್ಲ, ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಬನ್ನಿ. ಅದರ ಮುಂದಿನ ವಾರವೂ ಬನ್ನಿ.

ಯಾರಾದ್ರೂ ಭಾಷೆ ಸ್ವಲ್ಪ ನ್ಯೂಟ್ರಲ್ ಮಾಡಿ ಅಂದ್ರೆ, ಗೊಂಬೆಗೆ ಬರಲ್ಲ ಅಂತ ಹೇಳಿ. ಅದಕ್ಕೆ ಬರೋದು ನಿಮ್ಮ ಅಜ್ಜಿಯ ಮಾತು ಅಷ್ಟೇ.

ಬುಧವಾರ ಆಯ್ತು, ಬಸ್ಸು ಬರ್ತಿದೆ. ಈ ಶನಿವಾರ ತೊಗರಿಯ ಹಾಲುಹಲ್ಲು ಅಲ್ಲಾಡ್ತಿದೆ, ಅವಳಿಗೆ ಭಯ. ಪರಸ್ಯಾ ಏನು ಹೇಳ್ತಾನೆ ಅಂತ ಇನ್ನೂ ಬರೆದಿಲ್ಲ. ಹೊಂಟೀನಿ.